ಚೀಲದ ತೂಕ ಎರಡು ಸಲ ಕಳೆದ ದಿನ

ನಮ್ಮದು ಕಲಬುರಗಿಯ ಜೇವರ್ಗಿ ರಸ್ತೆಯಲ್ಲಿರುವ ಸಣ್ಣ ಸಾಫ್ಟ್‌ವೇರ್ ಆಫೀಸು. ಮಾಲೀಕರನ್ನು ಸೇರಿಸಿ ಎಂಟು ಜನ. ಇಲ್ಲಿನ ಧಾನ್ಯ ಮಾರುಕಟ್ಟೆ ಗಂಜ್‌ನಲ್ಲಿ ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಕೊಡುವ ಅಡತ್ ಅಂಗಡಿಗಳಿಗೆ, ದಾಲ್ ಮಿಲ್‌ಗಳಿಗೆ ತೂಕ, ಬಿಲ್, ಸ್ಟಾಕ್ ಲೆಕ್ಕ ಇಡುವ ಆಪ್ ಮಾಡುತ್ತೇವೆ. ನಾನು ಅಲ್ಲಿ ಸ್ಕ್ರಮ್ ಮಾಸ್ಟರ್. ಸ್ಕ್ರಮ್ ಅಂದರೆ ಸಣ್ಣ ತಂಡ ಕೆಲಸವನ್ನು ಸಣ್ಣ ಸಣ್ಣ ಸುತ್ತುಗಳಲ್ಲಿ ಮಾಡಿ ಮುಗಿಸುವ ಪದ್ಧತಿ, ಅದು ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವವನು ಸ್ಕ್ರಮ್ ಮಾಸ್ಟರ್. ಎರಡು ವರ್ಷದ ಹಿಂದೆ ಒಂದು ತರಬೇತಿ ಮುಗಿಸಿ ಬಂದೆ, ಗೋಡೆಗೆ ಬಿಳಿ ಬೋರ್ಡ್ ಹಾಕಿದೆವು, ಎರಡು ವಾರಕ್ಕೊಂದು ಸ್ಪ್ರಿಂಟ್, ಅಂದರೆ ಕೆಲಸದ ಒಂದು ಸುತ್ತು, ಅಂತ ಶುರು ಮಾಡಿದೆವು. ಅದರಲ್ಲಿ ಯಾರ ಕೆಲಸ ಯಾವುದು ಅನ್ನೋದು ನಮಗೆ ಅರ್ಥವಾಗಿದ್ದು ಮಾತ್ರ ಒಬ್ಬ ರೈತರ ಬಿಲ್ ತಪ್ಪಿದ ಮೇಲೆ.

ಜನವರಿ ತಿಂಗಳು. ತೊಗರಿ ಸೀಸನ್. ಗಂಜ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಟ್ರ್ಯಾಕ್ಟರ್ ಮೇಲೆ ಟ್ರ್ಯಾಕ್ಟರ್. ಅದೇ ವಾರ ನಾವು ಹೊಸ ವರ್ಷನ್ ಬಿಟ್ಟಿದ್ದೆವು. ಮಧ್ಯಾಹ್ನ ಒಂದು ಅಡತ್ ಅಂಗಡಿಯ ಮುನೀಮರು ಫೋನ್ ಮಾಡಿದರು. ವಯಸ್ಸಾದವರು, ನಮ್ಮ ಆಪ್ ಬಂದ ಮೇಲೂ ಪಕ್ಕದಲ್ಲಿ ಒಂದು ಪುಸ್ತಕದಲ್ಲಿ ಕೈಯಿಂದ ಲೆಕ್ಕ ಬರೆದಿಡುವವರು.

"ತಮ್ಮಾ, ನಿಮ್ಮ ಮಷೀನು ಚೀಲದ ತೂಕ ಎರಡ್ ಸಲ ಯಾಕ ಕಳೀಲತ್ತದ?"

ನೋಡಿದರೆ ಹೌದು. ಒಂದು ಚೀಲಕ್ಕೆ ಒಂದು ಕಿಲೋ ಕಳೆಯಬೇಕು ಅಂತ ಆ ಅಂಗಡಿಯ ಸೆಟ್ಟಿಂಗ್ ಇತ್ತು. ತೂಕದ ಸ್ಕ್ರೀನ್‌ನಲ್ಲಿ ಒಂದು ಸಲ ಕಳೆದಿದೆ, ಬಿಲ್ ಸ್ಕ್ರೀನ್‌ನಲ್ಲಿ ಇನ್ನೊಂದು ಸಲ. ಆ ರೈತರದು 40 ಚೀಲ. ಅಂದರೆ 40 ಕಿಲೋ ತೊಗರಿ ಲೆಕ್ಕದಿಂದ ಮಾಯ. ಕ್ವಿಂಟಾಲಿಗೆ 7000 ರೂಪಾಯಿ ಅಂತ ಹಿಡಿದರೂ 2800 ರೂಪಾಯಿ. ಮುನೀಮರ ಪುಸ್ತಕ ಇಲ್ಲದಿದ್ದರೆ ಆ ಮನುಷ್ಯ ಕಡಿಮೆ ದುಡ್ಡು ತಗೊಂಡು ಊರಿಗೆ ಹೋಗಿಬಿಡುತ್ತಿದ್ದರು. ಒಂದು ವರ್ಷದ ಬೆಳೆ ಅದು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಎಲ್ಲರೂ ಕೂತೆವು. ತೂಕದ ಸ್ಕ್ರೀನ್ ಮಾಡಿದ ಹುಡುಗಿ ಹೇಳಿದಳು, ಮಾರ್ಕೆಟಿಂಗ್ ನೋಡುವ ಅಣ್ಣ ಗಂಜ್‌ನಿಂದ ಫೋನ್ ಮಾಡಿ "ತೂಕ ಹಾಕುವಾಗಲೇ ಚೀಲ ಕಳೀಬೇಕು" ಅಂದಿದ್ದರು, ಮಾಡಿದೆ. ಬಿಲ್ಲಿಂಗ್ ಹುಡುಗ ಹೇಳಿದ, ಮಾಲೀಕರು ವಾಟ್ಸಾಪ್‌ನಲ್ಲಿ "ಬಿಲ್‌ನಲ್ಲಿ ಚೀಲದ ತೂಕ ಕಳೆದು ತೋರಿಸು" ಅಂತ ಹಾಕಿದ್ದರು, ಮಾಡಿದೆ. ಇಬ್ಬರ ಕೋಡ್‌ನಲ್ಲೂ ತಪ್ಪಿಲ್ಲ. ಹೇಳಿದ್ದನ್ನೇ ಮಾಡಿದ್ದಾರೆ. ಟೆಸ್ಟ್ ಮಾಡುವವನು ಎರಡೂ ಸ್ಕ್ರೀನ್ ಬೇರೆ ಬೇರೆಯಾಗಿ ನೋಡಿ ಓಕೆ ಅಂದಿದ್ದ. ಹೇಳಿದವರು ಇಬ್ಬರು, ಎರಡೂ ಸ್ಪ್ರಿಂಟ್ ಅರ್ಧ ಆದಮೇಲೆ ಬಂದ ಮಾತು, ಎರಡನ್ನೂ ಜೋಡಿಸಿ ನೋಡುವ ಮನುಷ್ಯ ಇಲ್ಲ. ಆ ವಾಟ್ಸಾಪ್ ಮೆಸೇಜ್ ಗ್ರೂಪ್‌ನಲ್ಲೇ ಬಂದಿತ್ತು. ನಾನೂ ನೋಡಿದ್ದೆ. ಹೆಬ್ಬೆರಳು ಒತ್ತಿ ಸುಮ್ಮನಾಗಿದ್ದೆ.

ಏನು ಮಾಡಬೇಕು ಅಂತ ಯಾರು ಹೇಳಬೇಕು ಅನ್ನೋದು ಸ್ಕ್ರಮ್ ಗೈಡ್‌ನಲ್ಲಿ ಸ್ಪಷ್ಟವಾಗಿಯೇ ಇದೆ. ಕೆನ್ ಶ್ವೇಬರ್ ಮತ್ತು ಜೆಫ್ ಸದರ್‌ಲ್ಯಾಂಡ್ ಬರೆದ ಆ ಗೈಡ್ ಹದಿನೈದು ಪುಟವೂ ಇಲ್ಲ, ಒಂದು ಚಹಾ ಕುಡಿಯುವಷ್ಟರಲ್ಲಿ ಅರ್ಧ ಓದಬಹುದು. 2020ರಲ್ಲಿ ಬಂದ ಆವೃತ್ತಿಯ ಪ್ರಕಾರ ತಂಡದಲ್ಲಿ ಇರುವುದು ಮೂರೇ ಬಗೆ: ಒಬ್ಬ ಪ್ರಾಡಕ್ಟ್ ಓನರ್ (ಯಾವ ಕೆಲಸ ಮೊದಲು ಅಂತ ತೀರ್ಮಾನಿಸುವವರು), ಒಬ್ಬ ಸ್ಕ್ರಮ್ ಮಾಸ್ಟರ್, ಉಳಿದವರೆಲ್ಲ ಡೆವಲಪರ್ಸ್. ಸಾಮಾನ್ಯವಾಗಿ ಒಟ್ಟು ಹತ್ತು ಜನ ಅಥವಾ ಅದಕ್ಕಿಂತ ಕಡಿಮೆ. ಪ್ರಾಡಕ್ಟ್ ಓನರ್ ಅಂದರೆ ಒಬ್ಬರೇ, ಸಮಿತಿ ಅಲ್ಲ ಅಂತ ಬಿಡಿಸಿ ಬರೆದಿದ್ದಾರೆ. ತರಬೇತಿಯಲ್ಲಿ ನಾನು ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಆದರೆ ನಮ್ಮ ಆಫೀಸಿನಲ್ಲಿ ಆ ಒಬ್ಬರು ಯಾರು ಅಂತ ಒಂದು ದಿನವೂ ಕೇಳಿರಲಿಲ್ಲ.

ಹಾಗಾದರೆ ಯಾರಾಗಬೇಕು? ಮಾಲೀಕರು "ನಾನೇ ಆಗ್ತೀನಿ" ಅಂದರು. ಅವರಿಗೆ ವಾರದಲ್ಲಿ ಮೂರು ದಿನ ಯಾದಗಿರಿ, ಬೀದರ್ ಓಡಾಟ. ಡೆವಲಪರ್ ಒಂದು ಸಂಶಯ ಕೇಳಿದರೆ ಉತ್ತರ ಸಿಗುವುದು ಮೂರನೇ ದಿನ. ಮಾರ್ಕೆಟಿಂಗ್ ಅಣ್ಣನಿಗೂ ಆಸೆ ಇತ್ತು, ಆದರೆ ಅವರು ಯಾವ ಗಿರಾಕಿಗೂ ಇಲ್ಲ ಅನ್ನುವವರಲ್ಲ. ಅದು ಅವರ ಕೆಲಸಕ್ಕೆ ಬೇಕಾದ ಗುಣ, ಈ ಕೆಲಸಕ್ಕೆ ಮಾತ್ರ ಆಗಿಬರುವುದಿಲ್ಲ. ಕೊನೆಗೆ ನಮ್ಮ ಕಣ್ಣು ಹೋಗಿದ್ದು ಸಪೋರ್ಟ್ ಫೋನ್ ಎತ್ತುವ ಅಕ್ಕನ ಕಡೆ. ಬೆಳಗಿನಿಂದ ಸಂಜೆವರೆಗೆ ಗಂಜ್‌ನವರ ಮಾತು ಕೇಳುವವರು ಅವರೇ. ಯಾವ ಬಟನ್ ಯಾರೂ ಮುಟ್ಟುವುದಿಲ್ಲ, ಯಾವ ಲೆಕ್ಕಕ್ಕೆ ಮುನೀಮರು ಇನ್ನೂ ಕಾಗದ ಹಿಡಿಯುತ್ತಾರೆ, ಎಲ್ಲ ಗೊತ್ತು. ಕೋಡ್ ಬರುವುದಿಲ್ಲ ಅಂತ ಅವರೇ ಹಿಂಜರಿದರು. ಬರಬೇಕಾಗಿಯೂ ಇಲ್ಲ. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ, ಇದನ್ನು ಹೇಳಿ ಆ ಪಟ್ಟಿಯ ಕ್ರಮಕ್ಕೆ ಉತ್ತರ ಕೊಡುವುದು ಅವರ ಜವಾಬ್ದಾರಿ. ಮಾಲೀಕರು ಎಲ್ಲರೆದುರು ಹೇಳಿದರು: "ಇನ್ನು ಮೇಲೆ ಏನು ಮಾಡಬೇಕು ಅನ್ನೋದು ಅಕ್ಕ ಹೇಳ್ತಾರ. ನನ್ನ ಮಾತೂ ಅವರ ಪಟ್ಟಿಗೇ ಹೋಗ್ಲಿ."

ಹೇಳುವುದು ಸುಲಭ ಇತ್ತು. ಹತ್ತೇ ದಿನಕ್ಕೆ ಮಾಲೀಕರು ಹಳೆ ಅಭ್ಯಾಸದಂತೆ ಬಿಲ್ಲಿಂಗ್ ಹುಡುಗನಿಗೆ ನೇರ ಫೋನ್ ಮಾಡಿದರು, ತೇವಾಂಶದ ಒಂದು ಕಾಲಂ ಸೇರಿಸು ಅಂತ. ಅವನು "ಆಯ್ತ್ರಿ ಸರ್" ಅಂದ. ಮತ್ತೇನು ಅಂದಾನು? ನಮ್ಮ ಕಡೆ ಸಂಬಳ ಕೊಡುವ ಹಿರಿಯರಿಗೆ 24 ವರ್ಷದ ಹುಡುಗ "ನನಗೆ ಹೇಳಬೇಡಿ, ಅಕ್ಕನಿಗೆ ಹೇಳಿ" ಅನ್ನುವುದು ನಾಲಿಗೆಗೇ ಬರುವುದಿಲ್ಲ. ಅದು ಅಗೌರವ ಅನಿಸುತ್ತದೆ. ಪುಸ್ತಕದಲ್ಲಿ ಬರೆದ ಜವಾಬ್ದಾರಿ ನಮ್ಮ ಊರಿನ ಮರ್ಯಾದೆಗೆ ತಾಗಿ ನಿಲ್ಲುವುದು ಇಲ್ಲೇ ಅಂತ ನನಗೆ ಹೊಳೆಯಿತು. ಆ ಹುಡುಗನಿಗೆ ಧೈರ್ಯ ತಗೋ ಅಂತ ಭಾಷಣ ಮಾಡಿ ಪ್ರಯೋಜನ ಇಲ್ಲ. ಅವನು ಹಾಗೆ ಹೇಳುವ ಪ್ರಸಂಗವೇ ಬರದಂತೆ ನೋಡಿಕೊಳ್ಳುವುದು ನನ್ನ ಕೆಲಸ, ಅಲ್ವಾ? ನಾನೇ ಮಾಲೀಕರ ರೂಮಿಗೆ ಹೋದೆ. ಆ 40 ಚೀಲದ ಬಿಲ್ ಪ್ರಿಂಟ್ ತೆಗೆದಿಟ್ಟಿದ್ದೆ, ಮೇಜಿನ ಮೇಲೆ ಇಟ್ಟು "ಸರ್, ಇದು ಆಗಿದ್ದು ಹೀಗೇ" ಅಂದೆ. ಅವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನೆದುರಿಗೇ ಅಕ್ಕನಿಗೆ ಫೋನ್ ಮಾಡಿ ತೇವಾಂಶದ ಕಾಲಂ ವಿಷಯ ಹೇಳಿದರು. ಅಕ್ಕ ಅದನ್ನು ಪಟ್ಟಿಯ ಏಳನೇ ಸಾಲಿಗೆ ಹಾಕಿದರು. ಮಾಲೀಕರು ಒಪ್ಪಿದರು. ಸ್ಕ್ರಮ್ ಮಾಸ್ಟರ್ ಕೆಲಸ ಜಾಸ್ತಿ ಇರುವುದು ಬೋರ್ಡಿನ ಮುಂದಲ್ಲ, ಇಂಥ ರೂಮುಗಳಲ್ಲಿ ಅಂತ ಅಲ್ಲಿವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಅದಕ್ಕೂ ಮೊದಲು ನಾನು ಮಾಡುತ್ತಿದ್ದುದು ಮೇಸ್ತ್ರಿ ಕೆಲಸ. ಬೆಳಗ್ಗೆ ಎಲ್ಲರನ್ನೂ ನಿಲ್ಲಿಸಿ ನೀನು ಇದು ಮಾಡು, ನೀನು ಅದು ಮಾಡು ಅನ್ನುತ್ತಿದ್ದೆ. ಹದಿನೈದು ನಿಮಿಷದ ಡೈಲಿ ಸ್ಕ್ರಮ್ ನಲವತ್ತು ನಿಮಿಷ ಹೋಗುತ್ತಿತ್ತು. ಪ್ರತಿಯೊಬ್ಬರೂ ನನ್ನ ಮುಖ ನೋಡಿ ಒಪ್ಪಿಸುತ್ತಿದ್ದರು, ಪಕ್ಕದವರು ಏನು ಹೇಳಿದರು ಅಂತ ಕೇಳಿಸಿಕೊಳ್ಳುತ್ತಿರಲಿಲ್ಲ. ಕೇಳಿಸಿಕೊಂಡಿದ್ದರೆ ಚೀಲದ ತೂಕ ಎರಡು ಕಡೆ ಕಳೆಯುವುದು ಒಂದೇ ಬೆಳಗ್ಗೆಗೆ ಗೊತ್ತಾಗುತ್ತಿತ್ತು. ಈಗ ನಾನು ಎಲ್ಲರ ಹಿಂದೆ, ಕಿಟಕಿ ಹತ್ತಿರ ನಿಲ್ಲುತ್ತೇನೆ. ಮೊದಲ ವಾರ ತಿರುಗಿ ತಿರುಗಿ ನೋಡುತ್ತಿದ್ದರು. ಆಮೇಲೆ ಬಿಟ್ಟರು, ಒಬ್ಬರಿಗೊಬ್ಬರು ಮಾತಾಡತೊಡಗಿದರು. ಸಮಯವನ್ನೂ ಅವರೇ ಇಟ್ಟುಕೊಂಡಿದ್ದಾರೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಆಫೀಸುಗಳು ಬಿಸಿಲಿಗೆ ಬೆಳಗ್ಗೆ 8ಕ್ಕೇ ತೆಗೆಯುತ್ತವಲ್ಲ, ಹಾಗೆ ನಮ್ಮದೂ ಬೇಸಿಗೆಯಲ್ಲಿ ಎಂಟೂವರೆಗೆ ನಡೆಯುತ್ತದೆ.

ಒಂದು ಸ್ಪ್ರಿಂಟ್‌ಗೆ ಎಷ್ಟು ಕೆಲಸ ಹಿಡಿಯುತ್ತದೆ ಅಂತ ಅಳೆಯುವುದು, ಹೇಗೆ ಮಾಡುವುದು ಅಂತ ತೀರ್ಮಾನಿಸುವುದು ಡೆವಲಪರ್ಸ್ ಕೈಯಲ್ಲಿದೆ. ಅಕ್ಕನೂ ಅದರಲ್ಲಿ ಕೈ ಹಾಕುವುದಿಲ್ಲ, ನಾನೂ ಹಾಕುವುದಿಲ್ಲ. ಟೆಸ್ಟ್ ಮಾಡುವವನು "ನಾನು ಡೆವಲಪರ್ ಅಲ್ಲವಲ್ಲ" ಅಂತ ದೂರ ಕೂರುತ್ತಿದ್ದ. ಸ್ಕ್ರಮ್‌ನಲ್ಲಿ ಆ ಗೋಡೆ ಇಲ್ಲ, ಸ್ಪ್ರಿಂಟ್‌ನಲ್ಲಿ ವಸ್ತು ತಯಾರಾಗಲು ದುಡಿಯುವ ಪ್ರತಿಯೊಬ್ಬರೂ ಡೆವಲಪರ್‌ಗಳೇ. ಅವನನ್ನು ಪ್ಲಾನಿಂಗ್ ದಿನವೇ ಕೂರಿಸಿಕೊಂಡೆವು. ಬಹಳ ಒಳ್ಳೆಯ ಮಾತು ಬಂದಿದ್ದು ಅವನಿಂದಲೇ. ಕೆಲಸ ಮುಗಿಯಿತು ಅಂತ ಯಾವಾಗ ಹೇಳಬೇಕು? ಮುನೀಮರ ಪುಸ್ತಕದಿಂದ ಐದು ಬಿಲ್ ತಂದು ಆಪ್‌ನಲ್ಲಿ ಹಾಕಬೇಕು, ಪೈಸೆ ಪೈಸೆ ತಾಳೆ ಆಗಬೇಕು, ಆಗಲೇ ಮುಗಿದಂತೆ ಅಂದ. ಅದೇ ಈಗ ನಮ್ಮ ಡೆಫಿನಿಷನ್ ಆಫ್ ಡನ್‌ನ ಮೊದಲ ಸಾಲು. ತಿಂಗಳಿಗೆ ಎರಡು ಸಲ ಅವನು ಗಂಜ್‌ಗೆ ಹೋಗಿ ಮುನೀಮರ ಪಕ್ಕ ಕೂತು ಬರೆದುಕೊಂಡು ಬರುತ್ತಾನೆ. ಮುನೀಮರು ಚಹಾ ಕುಡಿಸದೆ ಕಳಿಸುವುದಿಲ್ಲ.

ಎಲ್ಲವೂ ಸರಿಹೋಗಿದೆ ಅಂತ ಅಲ್ಲ. ಮಾರ್ಕೆಟಿಂಗ್ ಅಣ್ಣ ಈಗಲೂ ಒಮ್ಮೊಮ್ಮೆ ಡೆವಲಪರ್ ಮೇಜಿನ ಮೇಲೆ ಚೀಟಿ ಇಟ್ಟು ಹೋಗುತ್ತಾರೆ. ಆ ಚೀಟಿಗಳನ್ನು ತಂದು ಅಕ್ಕನ ಕೈಗೆ ಕೊಡುತ್ತೇನೆ, ಅಣ್ಣನಿಗೂ ಹೇಳಿಯೇ ಕೊಡುತ್ತೇನೆ. ಮುಂದಿನ ತಿಂಗಳು ಅಕ್ಕನ ತಂಗಿಯ ಮದುವೆ, ಬೀದರ್‌ನಲ್ಲಿ, ಎಂಟು ದಿನ ರಜೆ. ಆಗ ಅವರ ಜಾಗದಲ್ಲಿ ಯಾರು ಅಂತ ಮೊನ್ನೆ ರೆಟ್ರೋದಲ್ಲಿ, ಅಂದರೆ ಸ್ಪ್ರಿಂಟ್ ಕೊನೆಗೆ ಏನು ಸರಿಹೋಯಿತು, ಏನು ತಪ್ಪಿತು ಅಂತ ಕೂತು ಮಾತಾಡುವಾಗ, ಮಾತು ಬಂತು. ಮಾಲೀಕರು ನನ್ನ ಕಡೆ ನೋಡಿದರು. ನಾನು ಬೇಡ ಅಂದೆ. ಅಕ್ಕನೇ ಎದ್ದು ಬೋರ್ಡ್ ಹತ್ತಿರ ಹೋಗಿ ಎಂಟು ದಿನಕ್ಕೆ ಸಾಕಾಗುವಷ್ಟು ಕೆಲಸವನ್ನು ಕ್ರಮವಾಗಿ ಬರೆದರು. ಕೆಳಗೆ ತಮ್ಮ ಫೋನ್ ನಂಬರ್ ಹಾಕಿ, ಪಕ್ಕದಲ್ಲಿ ಇಷ್ಟು ಬರೆದರು: "ಬಿಲ್ ತಪ್ಪಿದರೆ ಮಾತ್ರ. ಮದುವೆ ಮಂಟಪದಲ್ಲಿದ್ದರೂ ಎತ್ತುತ್ತೇನೆ."