ಸ್ಟಾಪ್ ಅನ್ನೋ ಪದ ಮತ್ತು ಒಂದು ಲೋಡು ಕೊಬ್ಬರಿ

ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ನಮ್ಮ ಖರೀದಿದಾರರಲ್ಲಿ ಹೊರರಾಜ್ಯದವರೇ ಜಾಸ್ತಿ. ಯಜಮಾನರು ಅವರ ಜೊತೆ ಫೋನಿನಲ್ಲಿ ಹಿಂದಿ ಮಾತಾಡಿ ಮುಗಿಸುತ್ತಾರೆ. ಬರೆದು ಕಳಿಸುವುದು ಏನಿದ್ದರೂ ಇಂಗ್ಲಿಷಿನಲ್ಲಿ, ಅದು ನನ್ನ ಪಾಲಿನ ಕೆಲಸ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮೀಡಿಯಂ.

ಐದಾರು ವರ್ಷದ ಹಿಂದಿನ ಮಾತು, ಅಕ್ಟೋಬರ್ ತಿಂಗಳು. ಮಧ್ಯಾಹ್ನ ಎರಡಕ್ಕೆ ಲಾರಿ ಬಂತು, ಹಮಾಲರು ಚೀಲ ಹೊರಲು ಶುರು ಮಾಡಿದರು. ನಾಲ್ಕು ಗಂಟೆಗೆ ಮೋಡ ಕಟ್ಟಿ ಒಂದೇ ಸಮ ಸುರಿಯಿತು. ಉಂಡೆ ಕೊಬ್ಬರಿ ಸುಮ್ನೆ ಆಗುವುದಲ್ಲ. ಕಾಯಿ ಹತ್ತಿರ ಹತ್ತಿರ ಒಂದು ವರ್ಷ ಅಟ್ಟದ ಮೇಲೆ ಕೂತು, ಒಳಗಿನ ನೀರೆಲ್ಲ ಆರಿ, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗೆ ಗಿಟಕು ಗಡಗಡ ಅಂತ ಉರುಳಬೇಕು, ಆಮೇಲೆ ಸುಲಿಯುವುದು. ಅಷ್ಟು ಕಾದು ಒಣಗಿಸಿದ ಮಾಲಿಗೆ ಮಳೆ ನೀರು ತಾಗಿದರೆ ದಾರಿಯಲ್ಲೇ ಬೂಷ್ಟು ಹಿಡಿಯುತ್ತದೆ. ಅರ್ಧ ತುಂಬಿದ ಲಾರಿಗೆ ಟಾರ್ಪಾಲು ಎಳೆದು ಕಟ್ಟಿದರು. ಮಳೆ ಬಿಡಲಿಲ್ಲ. ಕತ್ತಲಾಯಿತು, ಹಮಾಲರು ಮನೆಗೆ ಹೋದರು.

ಖರೀದಿದಾರರಿಗೆ ವಿಷಯ ತಿಳಿಸಬೇಕಲ್ವಾ, ವಾಟ್ಸಾಪಿನಲ್ಲಿ ಬರೆದೆ. "ಲಾರಿ ಸ್ಟಾಪ್ಡ್ ಟು ಲೋಡ್ ಅಟ್ ಫೋರ್ ಪಿಎಂ." ಅಷ್ಟೇ. ಮಳೆಯ ಮಾತೇ ಎತ್ತಲಿಲ್ಲ. ಆ ಕಡೆಯಿಂದ "ಓಕೆ" ಬಂತು.

ಮಾರನೇ ದಿನ ಮಳೆ ಬಿಟ್ಟ ಮೇಲೆ ಉಳಿದ ಚೀಲ ಹೇರಿ ಲಾರಿ ಕಳಿಸಿದೆವು. ಆದರೆ ಅಲ್ಲಿ ಅವರು ಒಂದು ದಿನ ಮುಂಚೆಯೇ ಗೋಡೌನಿನಲ್ಲಿ ಜಾಗ ಮಾಡಿಸಿ, ಮಾಲು ಇಳಿಸಲು ಎಂಟು ಜನರನ್ನು ಕರೆಸಿ, ಬೆಳಗ್ಗೆಯಿಂದ ಸಂಜೆವರೆಗೆ ಲಾರಿಯ ದಾರಿ ನೋಡಿದ್ದರು. ಎಂಟು ಜನರ ಒಂದು ದಿನದ ಕೂಲಿಯನ್ನು ನಮ್ಮ ಬಿಲ್ಲಿನಲ್ಲಿ ಹಿಡಿದುಕೊಂಡರು.

ಯಜಮಾನರು ಬೈಯಲಿಲ್ಲ. ಫೋನನ್ನು ನನ್ನ ಮುಂದೆ ಇಟ್ಟರು.

"ಇದು ನೀನು ಬರ್ದಿದ್ದಾ?"

"ಹೌದು ಯಜಮಾನ್ರೇ, ಲೋಡಿಂಗ್ ನಿಂತೋಯ್ತು ಅಂತ ಬರ್ದೆ."

"ಅವ್ರು ಲೋಡ್ ಮಾಡ್ಕೊಳ್ಳಕ್ಕೆ ಲಾರಿ ನಿಂತಿದೆ ಅಂತ ಓದ್ಕೊಂಡವ್ರೆ."

ಎರಡು ದಿನ ನನಗೆ ಊಟ ಸೇರಲಿಲ್ಲ. ದುಡ್ಡಿಗಿಂತ ಜಾಸ್ತಿ ಕಾಡಿದ್ದು, ತಪ್ಪು ಎಲ್ಲಿದೆ ಅಂತಲೇ ಕಾಣದೇ ಹೋದದ್ದು. ಶಾಲೆಯಲ್ಲಿ ಕಲಿತದ್ದು ಇಷ್ಟು: ಕನ್ನಡದಲ್ಲಿ "ಮಾಡಲು" ಅಂತ ಬಂದರೆ ಇಂಗ್ಲಿಷಿನಲ್ಲಿ "ಟು" ಹಾಕು. "ಸ್ಟಾರ್ಟೆಡ್ ಟು ಲೋಡ್" ಅಂತ ಎಷ್ಟು ಸಲ ಬರೆದಿದ್ದೆ, ಯಾವತ್ತೂ ತೊಂದರೆ ಆಗಿರಲಿಲ್ಲ. ಶುರುವಾಗಿದ್ದಕ್ಕೆ ಸರಿ ಹೋದದ್ದು ನಿಂತಿದ್ದಕ್ಕೆ ಯಾಕೆ ಹೋಗಲ್ಲ?

ಆ ಭಾನುವಾರ ಶಿವಮೊಗ್ಗಕ್ಕೆ ಅಕ್ಕನ ಮನೆಗೆ ಹೊರಟಿದ್ದೆ. ಅರಸೀಕೆರೆ, ಬಾಣಾವರ, ಕಡೂರು ದಾಟಿದ ಮೇಲೆ ರಸ್ತೆ ಪಕ್ಕದ ಒಂದು ಹೋಟೆಲಿನ ಮುಂದೆ ಕಂಡಕ್ಟರು "ಹೋಲ್ಡಾನ್" ಅಂದರು. ಬಸ್ಸು ನಿಂತಿತು. "ಟೀ ಕುಡಿಯೋರು ಕುಡ್ಕೊಂಡ್ ಬನ್ನಿ, ಹತ್ತೇ ನಿಮಿಷ." ನಾನೂ ಇಳಿದೆ. ಕಂಡಕ್ಟರು ಗಾಜಿನ ಲೋಟವನ್ನು ಎರಡು ಬೆರಳಲ್ಲಿ ಹಿಡಿದು ಊದಿಕೊಂಡು ಕುಡಿಯುತ್ತಿದ್ದರು. ಡ್ರೈವರು ಪಕ್ಕದಲ್ಲೇ ಬರಿಗೈಯಲ್ಲಿ ನಿಂತಿದ್ದರು.

"ನೀವು ತಗೊಳ್ಳಲ್ವಾ ಅಣ್ಣ?" ಅಂತ ಕೇಳಿದೆ.

"ಶುಗರ್ ಬಂತಲ್ಲ, ಟೀ ಬಿಟ್ಬಿಟ್ಟೆ."

ಅಲ್ಲೇ ನನಗೆ ಹೊಳೆದದ್ದು. ಕಂಡಕ್ಟರು ಟೀ ಕುಡಿಯಲು ನಿಂತರು, ಅದು "ಸ್ಟಾಪ್ಡ್ ಟು ಡ್ರಿಂಕ್ ಟೀ". ಡ್ರೈವರು ಟೀ ಕುಡಿಯುವುದನ್ನೇ ಬಿಟ್ಟರು, ಅದು "ಸ್ಟಾಪ್ಡ್ ಡ್ರಿಂಕಿಂಗ್ ಟೀ". ಒಬ್ಬರ ಕೈಯಲ್ಲಿ ಲೋಟ ಇದೆ, ಇನ್ನೊಬ್ಬರ ಕೈಯಲ್ಲಿ ಇಲ್ಲ. ನಾನು ಬರೆದ ಲಾರಿ ಕಂಡಕ್ಟರ ಹಾಗೆ ನಿಂತಿತ್ತು, ನಾನು ಹೇಳಬೇಕಿದ್ದದ್ದು ಡ್ರೈವರ ಥರದ್ದು.

ಬಸ್ಸು ಹೊರಟ ಮೇಲೆ ದಾರಿಯುದ್ದಕ್ಕೂ ಅದೇ ಯೋಚನೆ. ನಮ್ಮಲ್ಲಿ ಒಂದೊಂದಕ್ಕೂ ಬೇರೆ ಬೇರೆ ಪದ ಇದೆ. ಬಸ್ಸು ತಾನಾಗಿ ನಿಲ್ಲುತ್ತದೆ, ಡ್ರೈವರು ಅದನ್ನು ನಿಲ್ಲಿಸುತ್ತಾರೆ. ಅಭ್ಯಾಸವನ್ನು ಬಿಡುತ್ತೇವೆ, ಹೋಗುವವನನ್ನು ತಡೆಯುತ್ತೇವೆ. ನಿಲ್ಲು, ನಿಲ್ಲಿಸು, ಬಿಡು, ತಡೆ, ಈ ನಾಲ್ಕರ ಕೆಲಸವನ್ನೂ ಇಂಗ್ಲಿಷಿನವರು ಸ್ಟಾಪ್ ಅನ್ನೋ ಒಂದೇ ಪದದ ತಲೆ ಮೇಲೆ ಹೊರಿಸಿದ್ದಾರೆ. ಹಾಗಾಗಿ ಯಾವ ಅರ್ಥ ಅನ್ನುವುದು ಅದರ ಆದಮೇಲೆ ಬರುವ ಪದದಲ್ಲಿ ಗೊತ್ತಾಗಬೇಕು. ಸ್ಟಾರ್ಟ್‌ಗೆ ಈ ಕಷ್ಟ ಇಲ್ಲ, ಹೇಗೆ ಬರೆದರೂ ಶುರು ಅಂದರೆ ಶುರುವೇ. ನನಗೆ ಇದನ್ನು ಯಾರಾದರೂ ಕನ್ನಡದಲ್ಲಿ ಬಿಡಿಸಿ ಹೇಳಿದ್ದರೆ ಏಳನೇ ಕ್ಲಾಸಿನಲ್ಲೇ ತಿಳಿಯುತ್ತಿತ್ತು ಅನ್ನಿಸಿ ಹೊಟ್ಟೆ ಉರಿಯಿತು. ಇಂಗ್ಲಿಷ್ ಕಲಿಯುವಾಗ ಕನ್ನಡ ಮರೆತುಬಿಡಿ ಅಂತ ಹೇಳುವವರಿದ್ದಾರಲ್ಲ, ಅವರ ಮಾತನ್ನು ನಾನು ಒಪ್ಪುವುದಿಲ್ಲ.

ಸೋಮವಾರ ಯಜಮಾನರಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಬೀರುವಿನಿಂದ ಒಂದು ಹಳೇ ಫೈಲು ತೆಗೆದರು. ಅವರ ತಂದೆಯ ಕಾಲದ ತಂತಿಗಳು, ಅಂದರೆ ಟೆಲಿಗ್ರಾಮುಗಳು, ಕಾಗದ ಕಂದು ಬಣ್ಣಕ್ಕೆ ತಿರುಗಿತ್ತು. ವಾಕ್ಯ ಮುಗಿದ ಕಡೆ ಚುಕ್ಕಿಯ ಬದಲು ಸ್ಟಾಪ್ ಅಂತಲೇ ಬರೆದಿದ್ದರು. "ಲಾರಿ ಸೆಂಟ್ ಸ್ಟಾಪ್ ರೇಟ್ ಫರ್ಮ್ ಸ್ಟಾಪ್." ಪದಕ್ಕಿಷ್ಟು ಅಂತ ದುಡ್ಡು ಕೊಡಬೇಕಾಗಿದ್ದ ಕಾಲ, ಒಂದು ಪದ ಹೆಚ್ಚಿಗೆ ಇಲ್ಲ, ಆದರೂ ವಿಷಯ ಸ್ಪಷ್ಟ. ತಂತಿ ಸೇವೆ 2013ರ ಜುಲೈನಲ್ಲಿ ಮುಗಿದು ಹೋಯಿತು. ಯಜಮಾನರು ಆ ಫೈಲನ್ನು ಮಾತ್ರ ಎಸೆದಿಲ್ಲ.

ಆಮೇಲಿಂದ ಇಂಗ್ಲಿಷಿನಲ್ಲಿ ಏನಾದರೂ ಕಳಿಸುವ ಮೊದಲು ಅದನ್ನು ಕನ್ನಡಕ್ಕೆ ತಿರುಗಿಸಿ ಓದಿಕೊಳ್ಳುತ್ತೇನೆ. ಮುಂದಿನ ವರ್ಷವೂ ಲೋಡಿಂಗ್ ಹೊತ್ತಿಗೆ ಸರಿಯಾಗಿ ಮಳೆ ಬಂತು. ಮೊದಲು ಟೈಪ್ ಮಾಡಿದ್ದು "ರೈನ್ ಸ್ಟಾಪ್ಡ್ ಅಸ್ ಫ್ರಮ್ ನಾಟ್ ಲೋಡಿಂಗ್". ತಿರುಗಿಸಿ ಓದಿದರೆ, ಲೋಡ್ ಮಾಡದೇ ಇರುವುದನ್ನು ಮಳೆ ತಡೆಯಿತು ಅಂತ ಆಗುತ್ತೆ! ನಾವು "ಲೋಡ್ ಮಾಡದಂತೆ ತಡೆಯಿತು" ಅನ್ನುತ್ತೇವಲ್ಲ, ಆ "ಮಾಡದಂತೆ" ಒಳಗಿರುವ ಇಲ್ಲ ಅನ್ನೋ ಅರ್ಥ ಹಾಗೇ ಇಂಗ್ಲಿಷಿಗೆ ನುಗ್ಗಿತ್ತು. ಸ್ಟಾಪ್ ಆ ಇಲ್ಲವನ್ನು ಆಗಲೇ ತನ್ನೊಳಗೆ ಇಟ್ಟುಕೊಂಡಿದೆ, ಇನ್ನೊಂದು ಬೇಡ. ಅಳಿಸಿ ಮತ್ತೆ ಬರೆದೆ. "ಹೆವಿ ರೈನ್. ಸ್ಟಾಪ್ಡ್ ಲೋಡಿಂಗ್ ಅಟ್ ತ್ರೀ. ವಿಲ್ ಸ್ಟಾರ್ಟ್ ಅಗೇನ್ ಟುಮಾರೋ."

ಈ ಸಲ ಬರೀ ಓಕೆ ಬರಲಿಲ್ಲ. ಇಳಿಸುವ ಜನಕ್ಕೆ ಒಂದು ದಿನ ತಡವಾಗಿ ಬರಲು ಹೇಳ್ತೀವಿ, ಮಾಲು ನೆನೆಯದ ಹಾಗೆ ನೋಡ್ಕೊಳ್ಳಿ ಅಂತ ಬರೆದಿದ್ದರು. ಫೋನು ಜೇಬಿಗೆ ಹಾಕಿಕೊಂಡು ಟಾರ್ಪಾಲಿನ ಹಗ್ಗ ಬಿಗಿಯಾಗಿದೆಯಾ ಅಂತ ನೋಡಲು ಹೊರಗೆ ಹೋದೆ.