ಬೂಟು ಮಾತ್ರ ಹೊರಗೇ ಉಳಿದಿತ್ತು

ಚೌತಿಗೆ ಊರಿಗೆ ಹೊರಡಲು ಇನ್ನೂ ಎಂಟು ದಿನ ಇತ್ತು. ಕಾರಿನ ಟೈರಿಗೆ ಗಾಳಿ ಹಾಕಿಸುವಾಗ ಸುಮ್ನೆ ಬಗ್ಗಿ ನೋಡಿದೆ. ಮುಂದಿನ ಎಡ ಚಕ್ರದ ರಿಮ್ ಒಳಗೆಲ್ಲ ಕಪ್ಪು ಗ್ರೀಸು ಸಿಡಿದಿತ್ತು. ಗೇರ್‌ಬಾಕ್ಸಿನಿಂದ ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿನ ಜಾಯಿಂಟನ್ನು ಗ್ರೀಸಿನ ಸಮೇತ ಮುಚ್ಚಿರುವ ರಬ್ಬರ್ ಬೂಟು ಮಡಿಕೆಯಲ್ಲಿ ಸೀಳಿತ್ತು. ಪುಣೆಯ ಗ್ಯಾರೇಜಿನವರು ಶಾಫ್ಟಿಗೆ ಎಕ್ಸೆಲ್, ಇದಕ್ಕೆ ಎಕ್ಸೆಲ್ ಬೂಟ್ ಅಂತಾರೆ.

ಗ್ಯಾರೇಜಿನಲ್ಲಿ ಕೇಳಿದರೆ ಪೂರ್ತಿ ಎಕ್ಸೆಲ್ಲೇ ಬದಲಿಸಬೇಕು ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಜಾಯಿಂಟ್ ಸವೆದಿದ್ದರೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟಕ್ ಟಕ್ ಅನ್ನಬೇಕು. ನಮ್ಮ ಕಾರು ಇನ್ನೂ ಸದ್ದು ಮಾಡಿರಲಿಲ್ಲ. ಶನಿವಾರ ಬಿಡಿಭಾಗಗಳ ಅಂಗಡಿಗಳಿರುವ ನಾನಾ ಪೇಠಕ್ಕೆ ಹೋಗಿ ಬೂಟ್ ಕಿಟ್ ತಂದೆ. ಬೂಟು, ಗ್ರೀಸಿನ ಪಾಕೀಟು, ಎರಡು ಕ್ಲಿಪ್ಪು, ಜಾಯಿಂಟನ್ನು ಶಾಫ್ಟಿಗೆ ಹಿಡಿದಿಡುವ ಒಂದು ಸಣ್ಣ ಲಾಕು. ಜೊತೆಗೆ ಶಾಫ್ಟಿನ ತುದಿಯನ್ನು ಚಕ್ರದ ನಡುಭಾಗಕ್ಕೆ, ಅಂದರೆ ಹಬ್ಬಿಗೆ, ಬಿಗಿಯುವ ಹೊಸ ಹಬ್ ನಟ್ಟು.

ಭಾನುವಾರದ ಅರ್ಧ ಬೆಳಿಗ್ಗೆ ಹಳೇ ನಟ್ಟೇ ತಿಂದಿತು. ಅದರ ಅಂಚನ್ನು ಶಾಫ್ಟಿನ ಸಣ್ಣ ತೋಡಿನೊಳಗೆ ಬಡಿದು ಕೂರಿಸಿರುತ್ತಾರೆ. ಉಳಿಯಿಂದ ಅದನ್ನು ಎಬ್ಬಿಸಿದೆ. ಜಾಕ್ ಏರಿಸುವ ಮೊದಲೇ ನಟ್ಟು ಸಡಿಲ ಮಾಡಬೇಕು. ಹೆಂಡತಿ ಬ್ರೇಕ್ ತುಳಿದು ಕೂತಳು. ನಾನು ಪಾನಾಕ್ಕೆ ಕಬ್ಬಿಣದ ಪೈಪು ಸಿಕ್ಕಿಸಿ ಅದರ ಮೇಲೆ ಹತ್ತಿ ಕುಣಿದೆ.

"ಗಾಡಿ ಮ್ಯಾಲೆ ಸಿಟ್ಟೇನ್ರಿ ಸರ?" ಎಂದರು ನಮ್ಮ ಸೊಸೈಟಿಯ ವಾಚ್‌ಮನ್. ಇಂಡಿ ಕಡೆಯವರು. ಸ್ಟೂಲ್ ತಂದು ಪಕ್ಕದಲ್ಲೇ ಕೂತುಬಿಟ್ಟರು.

ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಕಾರಿನ ಕೆಳಗೆ ಸ್ಟ್ಯಾಂಡ್ ಇಟ್ಟೆ. ಹಬ್ ಅನ್ನು ಕೆಳಗಿನಿಂದ ಹಿಡಿದಿರುವ ಬಾಲ್ ಜಾಯಿಂಟ್ ಬಿಚ್ಚಿ ಹಬ್ ಅನ್ನು ಪಕ್ಕಕ್ಕೆಳೆದಾಗ ಶಾಫ್ಟಿನ ತುದಿ ಹೊರಬಂತು. ಗೇರ್‌ಬಾಕ್ಸ್ ಕಡೆಯ ತುದಿ ಮುಟ್ಟಲಿಲ್ಲ, ಎಳೆದರೆ ಆಯಿಲ್ ಸುರಿಯುತ್ತದೆ. ಹಳೇ ಬೂಟು ಕತ್ತರಿಸಿ, ಶಾಫ್ಟಿನ ಜಾಯಿಂಟನ್ನು ಸುತ್ತಿಗೆಯಿಂದ ಬಡಿದು ಕಳಚಿದೆ.

ಗ್ರೀಸನ್ನು ಬೆರಳ ನಡುವೆ ಉಜ್ಜಿದೆ. ಸಣ್ಣ ರವೆಯಂಥ ಮರಳು ತಾಗಿತು. ಇನ್ನೊಂದು ತಿಂಗಳು ಓಡಿಸಿದ್ದರೆ ಆ ರವೆಯೇ ಒಳಗನ್ನೆಲ್ಲ ಅರೆಯುತ್ತಿತ್ತು. ಸೀಮೆಎಣ್ಣೆ, ಹಳೇ ಹಲ್ಲುಜ್ಜುವ ಬ್ರಷ್ಷು. ಒರೆಸಿದಷ್ಟೂ ಕಪ್ಪು ಬರುತ್ತಲೇ ಇತ್ತು. ಕೊನೆಗೆ ಜಾಯಿಂಟಿನೊಳಗಿನ ಆರೂ ಗುಂಡುಗಳು ಬೆಳ್ಳಗೆ ಕಂಡವು. ಒಂದರ ಮೇಲೂ ಗೀರಿಲ್ಲ. ಆ ಖುಷಿಯೇ ಕೆಲಸ ಕೆಡಿಸಿತು ಅನ್ನಿಸುತ್ತೆ.

ಹೊಸ ಲಾಕು ಹಾಕಿ, ಗ್ರೀಸು ತುಂಬಿ, ಜಾಯಿಂಟನ್ನು ಶಾಫ್ಟಿಗೆ ಬಡಿದೆ. ಟಕ್ ಎಂದು ಕೂತಿತು. ಬೆನ್ನು ನೆಟ್ಟಗೆ ಮಾಡಿದೆ.

"ಸರ, ಆ ಬೂಟು ಕಾರ್ ಮ್ಯಾಲೆ ಐತಲ್ರಿ. ಅದನ್ನ ಯಾವಾಗ ಹಾಕವ್ರು?"

ಬೂಟು ಮೊದಲು ಶಾಫ್ಟಿಗೆ ತೂರಿಸಬೇಕು, ಆಮೇಲೆ ಜಾಯಿಂಟು. ಹಿಂದಿನ ರಾತ್ರಿ ಇದನ್ನು ನಾನೇ ಚೀಟಿಯಲ್ಲಿ ಬರೆದಿಟ್ಟಿದ್ದೆ. ಚೀಟಿಯೂ ಕಾರಿನ ಮೇಲೆ, ಬೂಟಿನ ಕೆಳಗೇ ಇತ್ತು. ಮತ್ತೆ ಬಡಿದು ಕಳಚುವಾಗ ಹೊಸ ಲಾಕು ಬಾಗಿತು. ಅಲ್ಲಿಗೆ ಭಾನುವಾರ ಮುಗೀತು. ಜಾಯಿಂಟಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಮೇಲೆ ಹೋದೆ. ಸೋಮವಾರ ಆಫೀಸು ಮುಗಿಸಿ ಪುನಃ ನಾನಾ ಪೇಠ. ಲಾಕು ಒಂದೇ ಕೊಡಲ್ಲ, ಪೂರ್ತಿ ಕಿಟ್ಟೇ ತಗೊಳ್ಳಿ ಎಂದರು ಅಂಗಡಿಯವರು. ಹೆಚ್ಚಾದ ಬೂಟು ಈಗಲೂ ಕಪಾಟಿನಲ್ಲಿದೆ.

ಎರಡನೇ ಸಲ ಬೂಟನ್ನೇ ಮೊದಲು ತೂರಿಸಿದೆ, ಸಣ್ಣ ಕ್ಲಿಪ್ಪಿನ ಸಮೇತ. ಸ್ಕ್ರೂಡ್ರೈವರ್ ತುದಿಯಿಂದ ಒಳಗಿನ ಗಾಳಿ ಬಿಟ್ಟು ಕ್ಲಿಪ್ಪು ಬಿಗಿದೆ. ಹೊಸ ನಟ್ಟನ್ನು ಕಾರು ನೆಲಕ್ಕಿಳಿಸಿದ ಮೇಲೆ, ಗೆಳೆಯನಿಂದ ತಂದ ಟಾರ್ಕ್ ರೆಂಚಿನಲ್ಲಿ ಮ್ಯಾನುಯಲ್ ಹೇಳಿದಷ್ಟು ಬಿಗಿ ಮಾಡಿದೆ. ಅಂಚು ಬಡಿಯುವ ಕೆಲಸ ವಾಚ್‌ಮನ್ ಬಿಟ್ಟುಕೊಡಲಿಲ್ಲ.

ಚೌತಿಗೆ ಧಾರವಾಡ ಮುಟ್ಟಿದಾಗ ರಾತ್ರಿಯಾಗಿತ್ತು. ಬ್ಯಾಗು ಇಳಿಸುವ ಮೊದಲು ಬಗ್ಗಿ ಎಡ ಚಕ್ರದ ಒಳಗೆ ಕೈ ಆಡಿಸಿದೆ. ಬರೀ ದೂಳು, ಒಣ ದೂಳು.

"ಏನ್ ಬಿತ್ತೋ?" ಎಂದಳು ಅವ್ವ, ಬಾಗಿಲಿಂದಲೇ.