ಟ್ರೈಲರ್ ಸೋರುವುದು ಒಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆ

ಅಮೆರಿಕದಲ್ಲಿ ಹಳೆಯ ಟ್ರಾವೆಲ್ ಟ್ರೈಲರ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿಮನೆ, ಕೊಳ್ಳಲು ಹೊರಟವರು ಟೈರು, ಬ್ರೇಕು, ಫ್ರಿಜ್ಜು ಎಲ್ಲವನ್ನೂ ತಟ್ಟಿ ನೋಡುತ್ತಾರೆ. ಮೊದಲು ನೋಡಬೇಕಾದ್ದು ನೀರು ಎಲ್ಲಿ ನುಗ್ಗಿದೆ ಎಂಬುದನ್ನು. ಟೈರು, ಫ್ರಿಜ್ಜು ಒಂದು ದಿನದಲ್ಲಿ ಬದಲಾಗುತ್ತವೆ. ಗೋಡೆಯೊಳಗಿನ ಮರ ಲಡ್ಡು ಹಿಡಿದು ಕೊಳೆತಿದ್ದರೆ ದುರಸ್ತಿಯ ಕೂಲಿ ಗಾಡಿಯ ಬೆಲೆಯನ್ನೇ ಮೀರಬಹುದು.

ಟ್ರೈಲರಿನ ಗೋಡೆ ನೋಡಲು ಗಟ್ಟಿ, ಒಳಗೆ ಬಲು ತೆಳು. ಒಂದು ಬಗೆಯಲ್ಲಿ ಒಂದೂವರೆ ಇಂಚಿನ ಆಸುಪಾಸಿನ ಮರದ ಪಟ್ಟಿಗಳ ಚೌಕಟ್ಟು, ನಡುವೆ ಗಾಜಿನ ಉಣ್ಣೆ, ಹೊರಗೆ ಅಲೆಅಲೆಯಾದ ಅಲ್ಯೂಮಿನಿಯಂ ತಗಡು. ಇನ್ನೊಂದು ಬಗೆಯಲ್ಲಿ ಫೈಬರ್‌ಗ್ಲಾಸ್ ಹಾಳೆ, ತೆಳು ಪ್ಲೈವುಡ್, ಫೋಮ್ ಮೂರನ್ನೂ ಅಂಟಿಸಿ ಒತ್ತಿರುತ್ತಾರೆ. ಇದಕ್ಕೆ ನೀರು ಹೊಕ್ಕರೆ ಅಂಟು ಬಿಟ್ಟು ಹೊರಗೋಡೆ ಹಪ್ಪಳದಂತೆ ಉಬ್ಬುತ್ತದೆ. ಇಳಿಬಿಸಿಲಿನಲ್ಲಿ ಗೋಡೆಯ ಪಕ್ಕಕ್ಕೆ ಕಣ್ಣಿಟ್ಟು ಉದ್ದಕ್ಕೂ ನೋಡಿದರೆ ಆ ಉಬ್ಬು ಚೆನ್ನಾಗಿ ಕಾಣುತ್ತದೆ.

ಮಾಡಿನ ಮೇಲೆ ಸಾಮಾನ್ಯವಾಗಿ ಇಪಿಡಿಎಂ ಎಂಬ ರಬ್ಬರ್ ಹಾಳೆ ಅಥವಾ ಟಿಪಿಒ ಎಂಬ ಪ್ಲಾಸ್ಟಿಕ್ ಬಗೆಯ ಹಾಳೆ ಹಾಸಿರುತ್ತದೆ. ಹಾಳೆ ತಾನಾಗಿ ಸೋರುವುದು ಕಡಿಮೆ. ಸೋರುವುದು ಅದಕ್ಕೆ ಕೊರೆದ ತೂತುಗಳ ಸುತ್ತ: ಫ್ಯಾನು, ಏಸಿ, ಚರಂಡಿ ಪೈಪಿನ ಗಾಳಿಕೊಳವೆ, ಆಂಟೆನಾ. ರಸ್ತೆಯ ಮೇಲೆ ಓಡುವಾಗ ಇಡೀ ಡಬ್ಬ ತಿರುಚುತ್ತದೆ, ಬಿಸಿಲಿಗೆ ಲೋಹ ಹಿಗ್ಗುತ್ತದೆ, ರಾತ್ರಿಗೆ ಕುಗ್ಗುತ್ತದೆ. ಸಂದಿನಲ್ಲಿರುವ ಸೀಲಂಟ್ (ನೀರು ನುಗ್ಗದಂತೆ ಸಂದು ಮುಚ್ಚುವ ಅಂಟು) ಒಣಗಿ ಬಿರುಸಾಗಿದ್ದರೆ ಕೂದಲೆಳೆಯ ಬಿರುಕು ಬಿಡುತ್ತದೆ. ನೀರಿಗೆ ಅಷ್ಟು ಸಾಕು.

ಮಲೆನಾಡಿನ ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಮುಂದಿನ ಮಾತು ಹೊಸದಲ್ಲ. ಹೆಂಚು ಒಡೆದದ್ದು ಒಂದು ಕಡೆ. ನೀರು ರೀಪು, ಪಕಾಸು ಹಿಡಿದು ಇಳಿದು ಪಾತ್ರೆ ಇಡಬೇಕಾದದ್ದು ಮತ್ತೊಂದು ಕಡೆ. ಟ್ರೈಲರ್ ಕೂಡ ಹಾಗೆಯೇ. ಮುಂದಿನ ಮೂಲೆಯ ಪಟ್ಟಿಯಲ್ಲಿ ಹೊಕ್ಕ ನೀರು ಮಂಚದ ಕೆಳಗಿನ ನೆಲದಲ್ಲಿ ಕಾಣಿಸಬಹುದು. ಗಾಡಿ ಯಾವ ಕಡೆಗೆ ವಾಲಿ ನಿಂತಿದೆ ಎಂಬುದರ ಮೇಲೆ ಕಲೆಯ ಜಾಗವೂ ಬದಲಾಗುತ್ತದೆ. ಆದ್ದರಿಂದ ಕಲೆ ಕಂಡಲ್ಲೇ ಸಿಲಿಕೋನ್ ಬಳಿಯಲು ಹೋಗಬೇಡಿ. ಸಿಲಿಕೋನ್ ರಬ್ಬರ್ ಹಾಳೆಗೆ ಸರಿಯಾಗಿ ಹಿಡಿಯುವುದಿಲ್ಲ, ಕೆಲವು ತಿಂಗಳಲ್ಲಿ ಅಂಚು ಏಳುತ್ತದೆ. ಅದಕ್ಕಿಂತ ಕೆಟ್ಟದ್ದು, ಅದು ಬಿಟ್ಟುಹೋದ ಪದರದ ಮೇಲೆ ಬೇರೆ ಯಾವ ಸೀಲಂಟೂ ಕೂರುವುದಿಲ್ಲ. ಮುಂದೆ ಸರಿಯಾಗಿ ಮಾಡಲು ಬಂದವರು ಅರ್ಧ ದಿನ ಅದನ್ನೇ ಕೆರೆಯಬೇಕು.

ಮೊದಲು ಇದು ಯಾವ ನೀರು ಎಂದು ತೀರ್ಮಾನಿಸಿ. ಮಳೆ ಬಂದ ಮೇಲಷ್ಟೇ ಒದ್ದೆಯಾದರೆ ಮಾಡು, ಗೋಡೆ, ಕಿಟಕಿ. ಒಣಹವೆಯಲ್ಲೂ ಒದ್ದೆಯಾದರೆ ಕೊಳಾಯಿ. ಪಂಪ್ ಹಾಕಿ ಎಲ್ಲ ನಲ್ಲಿಗಳನ್ನೂ ಮುಚ್ಚಿ. ಒತ್ತಡ ತುಂಬಿದ ಮೇಲೆ ಪಂಪ್ ಸುಮ್ಮನಿರಬೇಕು. ಯಾರೂ ನಲ್ಲಿ ತಿರುಗಿಸದೆ ಅದು ಆಗಾಗ ಗುರ್ ಎಂದು ಎಚ್ಚರವಾದರೆ ಎಲ್ಲೋ ಜಿನುಗುತ್ತಿದೆ, ಇಲ್ಲವೇ ಪಂಪಿನೊಳಗಿನ ಚೆಕ್ ವಾಲ್ವ್ ನೀರನ್ನು ತೊಟ್ಟಿಗೆ ವಾಪಸು ಬಿಡುತ್ತಿದೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದ ಗಾಡಿಯಲ್ಲಿ ಮೊದಲು ಒಡೆಯುವ ಜಾಗಗಳು ಪಂಪಿನ ಮುಂದಿನ ಸೋಸುಬಟ್ಟಲು, ಟಾಯ್ಲೆಟ್ಟಿನ ವಾಲ್ವ್, ಹೊರಗಿನ ನೀರು ಸೇರಿಸುವ ಬಾಯಿ. ನೀರು ಹರಿಯುವ ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಪೈಪು ಹಿಗ್ಗಿ ತಡೆದುಕೊಳ್ಳುತ್ತದೆ. ಅದರ ಪ್ಲಾಸ್ಟಿಕ್ ಜೋಡಣೆಗಳು ಸೀಳುತ್ತವೆ. ಪ್ರತಿ ಜೋಡಣೆಯ ಕೆಳಗೆ ಟಿಶ್ಯೂ ಕಾಗದ ಇಟ್ಟು ಒಂದು ಗಂಟೆ ಬಿಟ್ಟು ನೋಡಿ. ಬೆರಳಿಗೆ ಸಿಗದ ತೇವ ಕಾಗದಕ್ಕೆ ಸಿಗುತ್ತದೆ. ಕ್ಯಾಂಪ್‌ಗ್ರೌಂಡಿನ ಕೆಲವು ನಲ್ಲಿಗಳಲ್ಲಿ ಒತ್ತಡ ವಿಪರೀತ. ಒತ್ತಡವನ್ನು 45–50 ಪಿಎಸ್‌ಐಗೆ (ಚದರ ಇಂಚಿಗೆ ಇಷ್ಟು ಪೌಂಡು ಎಂಬ ಅಳತೆ) ಇಳಿಸುವ ರೆಗ್ಯುಲೇಟರನ್ನು ಗಾಡಿಯ ಕಡೆಯಲ್ಲ, ನಲ್ಲಿಯ ಕಡೆಯೇ ಹಾಕಿ. ಆಗ ಹೋಸ್ ಪೈಪೂ ಉಳಿಯುತ್ತದೆ.

ಮೂರನೆಯ ಬಗೆಯ ನೀರು ಗಾಡಿಯೊಳಗಿನ ಬೆವರು. 1 ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ. ಚಳಿಯಲ್ಲಿ ಕಿಟಕಿ ಮುಚ್ಚಿ ಒಲೆ ಹಚ್ಚಿ ಅನ್ನ, ಸಾರು ಮಾಡಿದರೆ ಅದೆಲ್ಲ ತಣ್ಣನೆಯ ಗೋಡೆಯ ಮೇಲೆ, ಹಾಸಿಗೆಯ ಅಡಿಯಲ್ಲಿ ಹನಿಗಟ್ಟುತ್ತದೆ. ಅಡುಗೆ ಮಾಡುವಾಗ ಮಾಡಿನ ಫ್ಯಾನು ಹಾಕಿ, ಒಂದು ಕಿಟಕಿ ಬೆರಳಗಲ ತೆರೆದರೆ ಈ "ಸೋರಿಕೆ" ನಿಲ್ಲುತ್ತದೆ.

ಮಳೆಯ ನೀರು ಎಂದು ಖಚಿತವಾದರೆ ಹುಡುಕಾಟಕ್ಕೆ ಇಬ್ಬರು ಬೇಕು. ಒಬ್ಬರು ಒಳಗೆ ಟಾರ್ಚ್ ಹಿಡಿದು, ಇನ್ನೊಬ್ಬರು ಹೊರಗೆ ಹೋಸ್ ಪೈಪ್ ಹಿಡಿದು. ಪ್ರೆಷರ್ ವಾಷರ್ ಬೇಡ, ಅದು ಚೆನ್ನಾಗಿರುವ ಸೀಲನ್ನೂ ಕಿತ್ತುಹಾಕುತ್ತದೆ. ಗೋಡೆಯ ಕೆಳಭಾಗದಿಂದ ಶುರುಮಾಡಿ. ಒಂದೊಂದು ಜಾಗಕ್ಕೆ 10–15 ನಿಮಿಷ ಮೆಲ್ಲಗೆ ನೀರು ಬಿಟ್ಟು ಮೇಲಕ್ಕೆ ಹೋಗಿ. ಮೇಲಿಂದ ಶುರುಮಾಡಿದರೆ ಕೆಳಗಿನದೆಲ್ಲ ಒಟ್ಟಿಗೆ ನೆನೆದು ಯಾವುದು ಎಂದು ತಿಳಿಯದು. ಪಿನ್ ಇರುವ ತೇವಮಾಪಕವೊಂದನ್ನು ಕೊಂಡಿಟ್ಟುಕೊಳ್ಳಿ. ಮರದಲ್ಲಿ 15 ಶೇಕಡದ ಒಳಗಿದ್ದರೆ ಚಿಂತೆಯಿಲ್ಲ. 20 ದಾಟಿದ ಜಾಗದ ಸುತ್ತ ಅರ್ಧರ್ಧ ಅಡಿಗೆ ಅಳೆದು ಪೆನ್ಸಿಲಿನಲ್ಲಿ ಬರೆಯುತ್ತ ಹೋದರೆ ನೀರು ಬಂದ ದಾರಿಯ ನಕ್ಷೆಯೇ ಸಿಗುತ್ತದೆ.

ಹೋಸಿಗೂ ಸಿಗದ ಸೋರಿಕೆಗೆ ಗಾಳಿಯ ಪರೀಕ್ಷೆ ಒಳ್ಳೆಯದು. ಗ್ಯಾಸ್ ಪೂರ್ತಿ ಬಂದ್ ಮಾಡಿ, ಎಲ್ಲ ಉರಿ ಆರಿದೆಯೇ ನೋಡಿ. ಸಿಂಕು, ಸ್ನಾನದ ಚರಂಡಿಗೆ ನೀರು ಸುರಿದು ಗಾಳಿದಾರಿ ಮುಚ್ಚಿ. ಒಂದು ಕಿಟಕಿಗೆ ರಟ್ಟು ಕಟ್ಟಿ ಅದರ ತೂತಿನಿಂದ ಬ್ಲೋವರ್ ಗಾಳಿಯನ್ನು ಮೆಲ್ಲಗೆ ಒಳಗೆ ಬಿಡಿ. ಒತ್ತಡ ಹೆಚ್ಚಾದರೆ ಮಾಡಿನ ಹಾಳೆಯೇ ಏಳಬಹುದು, ಹಾಗಾಗಿ ಇನ್ನೊಂದು ಕಿಟಕಿ ಸ್ವಲ್ಪ ಸಂದು ಬಿಟ್ಟಿರಲಿ. ಈಗ 1 ಲೀಟರ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಸೋಪು ಕಲಸಿ ಹೊರಗಿನ ಸಂದುಗಳಿಗೆ ಸಿಂಪಡಿಸಿ. ಗಾಳಿ ಹೊರಬರುವಲ್ಲಿ ಗುಳ್ಳೆ ಏಳುತ್ತದೆ. ನೀರು ಒಳಹೋಗುವ ಬಾಯಿಯೂ ಅದೇ.

ಮಾಡಿನ ಕೆಲಸಕ್ಕೆ ಹತ್ತುವ ಮುನ್ನ ಅದು ಭಾರ ತಡೆಯುವಂಥದೇ ಎಂದು ಕೈಪಿಡಿಯಲ್ಲಿ ನೋಡಿ. ತಡೆದರೂ 2×4 ಅಡಿಯ ಪ್ಲೈವುಡ್ ಹಲಗೆ ಹಾಸಿ ಅದರ ಮೇಲೆ ಮೊಣಕಾಲೂರಿ. ಹಳೆಯ ಲ್ಯಾಪ್ ಸೀಲಂಟ್ (ಮಾಡಿನ ಸಂದಿಗೆ ಹಾಕುವ ಸೀಲಂಟ್) ಗಟ್ಟಿಯಾಗಿ ಹಿಡಿದಿದ್ದರೆ ಕೀಳಬೇಡಿ. ಬಿರುಕು ಬಿಟ್ಟು ಎದ್ದಿರುವುದನ್ನಷ್ಟೇ ಪ್ಲಾಸ್ಟಿಕ್ ಸ್ಕ್ರೇಪರಿನಿಂದ ತೆಗೆಯಿರಿ. ಲೋಹದ ಅಲಗು ಹಾಳೆಯನ್ನು ಕೊಯ್ಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ. ಪೆಟ್ರೋಲು, ಸೀಮೆಎಣ್ಣೆ ತಾಗಿಸಿದರೆ ಇಪಿಡಿಎಂ ಊದಿಕೊಳ್ಳುತ್ತದೆ. ಸಮತಟ್ಟಾದ ಜಾಗಕ್ಕೆ ತಾನೇ ಹರಡುವ ಸೀಲಂಟ್, ಇಳಿಜಾರಿಗೂ ಗೋಡೆಗೂ ನಾನ್‌ಸ್ಯಾಗ್ (ಜಾರಿ ಇಳಿಯದ್ದು) ಎಂದು ಬರೆದಿರುವುದು. ಅದಲುಬದಲಾದರೆ ಗೋಡೆಯುದ್ದಕ್ಕೂ ಬಿಳಿ ಗೆರೆಗಳು ಇಳಿದಿರುತ್ತವೆ. 14×14 ಇಂಚಿನ ಮಾಮೂಲಿ ಗಾಳಿಕಿಂಡಿಗೆ, ಪ್ರತಿ ಸ್ಕ್ರೂವಿನ ತಲೆ ಮುಚ್ಚುವಂತೆ ಹಾಕಿದರೆ, ಹೆಚ್ಚುಕಡಿಮೆ ಒಂದು ಟ್ಯೂಬ್ ಬೇಕು. ಮೇಲ್ಪದರ ಬೇಗ ಕಟ್ಟುತ್ತದೆ, ಒಳಗೆ ಪೂರ್ತಿ ಗಟ್ಟಿಯಾಗಲು ವಾರಗಳೇ ಹಿಡಿಯುತ್ತವೆ. ಹರಿದ ಹಾಳೆಗೆ, ಉದ್ದನೆಯ ಸಂದಿಗೆ 4 ಇಂಚಿನ ಎಟರ್ನಾಬಾಂಡ್ ಎಂಬ ಮಾಡಿನ ಅಂಟುಟೇಪನ್ನು ರೋಲರ್ ಒತ್ತಿ ಅಂಟಿಸಿ. ಮುಂದೆ ಬಿಚ್ಚಬೇಕಾಗುವ ಫ್ಯಾನಿನ ಸುತ್ತ ಮಾತ್ರ ಅದು ಬೇಡ; ಕೀಳಲು ಬಾರದು.

ಏಸಿಯ ಕೆಳಗೆ ತೊಟ್ಟಿಕ್ಕಿದರೆ ಸೀಲಂಟ್ ಹುಡುಕಬೇಡಿ, ಅಲ್ಲಿ ಸೀಲಂಟ್ ಇರುವುದೇ ಇಲ್ಲ. ಫೋಮ್ ಗ್ಯಾಸ್ಕೆಟ್ ಮೇಲೆ ಯಂತ್ರ ಕೂತಿದೆ, ಒಳಗಿನಿಂದ ನಾಲ್ಕು ಬೋಲ್ಟು ಹಿಡಿದಿವೆ. ನಾಲ್ಕನ್ನೂ ಸಮನಾಗಿ ಸ್ವಲ್ಪಸ್ವಲ್ಪವೇ ಬಿಗಿಮಾಡಿ. ಗ್ಯಾಸ್ಕೆಟ್ ಮೊದಲಿದ್ದ ದಪ್ಪದ ಅರ್ಧಕ್ಕೆ ಬಂದಾಗ ನಿಲ್ಲಿಸಿ. ಅದಾಗಲೇ ಚಪ್ಪಟೆಯಾಗಿದ್ದರೆ ಹೊಸದು ಹಾಕುವುದೇ ದಾರಿ.

ಅತಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗುವುದು ಮಾಡು, ಗೋಡೆ ಸೇರುವ ಅಂಚಿನ ಅಲ್ಯೂಮಿನಿಯಂ ಪಟ್ಟಿ. ಅದರ ನಡುವಿನ ವಿನೈಲ್ ಎಳೆಯನ್ನು ಎಳೆದು ತೆಗೆದರೆ ಸ್ಕ್ರೂಗಳ ಸಾಲು ಕಾಣುತ್ತದೆ. ತುಕ್ಕು ಹಿಡಿದಿದ್ದರೆ ನೀರು ಅಲ್ಲೇ ಇಳಿಯುತ್ತಿದೆ. ಅಂಚಿನ ಮೇಲೆ ಸೀಲಂಟ್ ಎಳೆದರೆ ಒಂದು ಮಳೆಗಾಲ ತಡೆಯಬಹುದು, ಅಷ್ಟೇ. ಪಟ್ಟಿಯನ್ನು ಪೂರ್ತಿ ಬಿಚ್ಚಿ, ಒಣಗಿದ ಬೂದುಬಣ್ಣದ ಪುಟ್ಟಿಯನ್ನು ಕೆರೆದು, 1/8 ಇಂಚು ದಪ್ಪದ ಬ್ಯೂಟೈಲ್ ಟೇಪ್ (ಮೆತ್ತನೆಯ ಅಂಟುರಬ್ಬರ್ ಪಟ್ಟಿ) ಇಟ್ಟು ಮತ್ತೆ ಕೂರಿಸಬೇಕು. ಪುಟ್ಟಿಯ ಎಣ್ಣೆ ಆರಿ ಅದು ಗಟ್ಟಿಯಾಗುತ್ತದೆ. ಬ್ಯೂಟೈಲ್ ವರ್ಷಗಟ್ಟಲೆ ಮೆತ್ತಗಿರುತ್ತದೆ. ಸ್ಕ್ರೂ ಸುಮ್ಮನೆ ತಿರುಗಿದರೆ 8ನೇ ನಂಬರಿನ ಬದಲು 10ನೇ ನಂಬರಿನ ಸ್ಟೇನ್‌ಲೆಸ್ ಹಾಕಿ. ಅದೂ ಹಿಡಿಯದಿದ್ದರೆ ಒಳಗಿನ ಮರ ಹೋಗಿದೆ ಎಂದರ್ಥ. ಹೊಸ ವಿನೈಲನ್ನು ಎರಡೂ ತುದಿಗೆ ಒಂದಿಂಚು ಹೆಚ್ಚು ಬಿಡಿ, ಅದು ಬಿಸಿಲಿಗೆ ಕುಗ್ಗುತ್ತದೆ.

ಕಿಟಕಿಗೂ ಇದೇ ಕ್ರಮ. ಒಳಗಿನ ಚೌಕಟ್ಟಿನ ಸ್ಕ್ರೂ ತೆಗೆಯುವ ಮೊದಲು ಹೊರಗೆ ಒಬ್ಬರು ಗಾಜು ಹಿಡಿದಿರಲಿ. ಟೇಪಿನ ಎರಡು ತುದಿ ಸೇರುವ ಜಾಗ ಕಿಟಕಿಯ ಕೆಳಗೆ ಬರಲಿ, ಎಂದೂ ಮೇಲೆ ಬೇಡ. ಅಲೆಯಿರುವ ತಗಡಿನಲ್ಲಿ ತಗ್ಗು ಇರುವಲ್ಲಿ ಎರಡು ಪದರ ಹಾಕಿ. ಮರುದಿನ ಬ್ಯೂಟೈಲ್ ಹಿಂಡಿ ಹೊರಬಂದ ಮೇಲೆ ಇನ್ನೊಮ್ಮೆ ಬಿಗಿಮಾಡಿ, ಹೆಚ್ಚಾದದ್ದನ್ನು ಕತ್ತರಿಸಿ. ಕಿಟಕಿಯ ಕೆಳಗಿನ ಸಣ್ಣ ನೀರುಗಂಡಿಗಳನ್ನು ಸೋರಿಕೆಯೆಂದು ತಿಳಿದು ಮುಚ್ಚುವವರು ಬಹಳ. ಅವು ಹಳಿಯಲ್ಲಿ ನಿಂತ ನೀರು ಹೊರಹೋಗುವ ದಾರಿ. ಮುಚ್ಚಿದರೆ ನೀರು ಒಳಗೇ ಉಕ್ಕುತ್ತದೆ. ಹೊರಗಿನ ಪುಟ್ಟ ದೀಪಗಳಿಗೂ ಮೇಲೆ ಮತ್ತು ಎರಡು ಪಕ್ಕ ಮಾತ್ರ ಸೀಲಂಟ್, ಕೆಳಗೆ ತೆರೆದಿರಲಿ.

ಸೋರಿಕೆ ನಿಂತ ಮೇಲೆ ಒಳಗಿನ ಪ್ಯಾನೆಲ್ ಬಿಚ್ಚುವುದನ್ನು ಮುಂದೂಡಬೇಡಿ. ಮುಗ್ಗು ವಾಸನೆ ಇದ್ದರೆ ಗಾಜಿನ ಉಣ್ಣೆ ನೆನೆದಿದೆ, ಅದನ್ನು ಎಸೆಯಿರಿ. ಸ್ಕ್ರೂಡ್ರೈವರ್ ಸಲೀಸಾಗಿ ಇಳಿಯುವಷ್ಟು ಮರವನ್ನು ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ. ಪಕ್ಕಕ್ಕೆ ಹೊಸ ಪಟ್ಟಿಯನ್ನು ಒಂದಡಿಯಾದರೂ ಒಂದರ ಮೇಲೊಂದು ಬರುವಂತೆ ಅಂಟು, ಸ್ಕ್ರೂ ಹಾಕಿ ಜೋಡಿಸಿ. ಉಳಿದ ಮರಕ್ಕೆ, ಮತ್ತೆ ಕೊಳೆಯದಂತೆ, ಬೋರೇಟ್ ದ್ರಾವಣ ಬಳಿಯಿರಿ. ಫ್ಯಾನು, ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಹಚ್ಚಿ ತೇವಮಾಪಕ 15ಕ್ಕಿಂತ ಕೆಳಗಿಳಿಯುವವರೆಗೆ ಕಾಯಿರಿ, ಅದಕ್ಕೆ ಎರಡು ವಾರವಾದರೂ ಸರಿಯೇ. ಪ್ಯಾನೆಲ್ ಮುಚ್ಚುವ ಮುನ್ನ, ಗೋಡೆ ಇನ್ನೂ ತೆರೆದಿರುವಾಗಲೇ, ಹೊರಗಿನಿಂದ ಇನ್ನೊಮ್ಮೆ ಅರ್ಧ ಗಂಟೆ ನೀರು ಬಿಟ್ಟು ಒಳಗೆ ಟಾರ್ಚ್ ಹಿಡಿದು ನೋಡಿ.